ಹೊರಗೆ ಸೀದು, ಒಳಗೆ ತಣ್ಣಗೆ: ಹತ್ತು ನಿಮಿಷದ ಕೆಸಡಿಯಾ ಎಲ್ಲಿ ಕೆಡುತ್ತದೆ?

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿ ಎಂ.ಎಸ್. ಓದುತ್ತಿದ್ದೇನೆ, ಊರು ದಾವಣಗೆರೆ, ಸಸ್ಯಾಹಾರಿ. ಸಂಜೆ ಲ್ಯಾಬ್‌ನಿಂದ ಬಂದಾಗ ಹಸಿವು ತಡೆಯೋಕಾಗಲ್ಲ. ಫ್ರಿಜ್‌ನಲ್ಲಿ ಟೋರ್ಟಿಯಾ (ಮೆಕ್ಸಿಕೊದವರ ತೆಳ್ಳನೆ ಚಪಾತಿ) ಪ್ಯಾಕೆಟ್, ಒಂದಿಷ್ಟು ಚೀಸ್, ಹಿಂದಿನ ದಿನದ ಪಲ್ಯ ಇದ್ದೇ ಇರುತ್ತೆ. ಕೆಸಡಿಯಾ ಅಂದರೆ ಟೋರ್ಟಿಯಾ ಒಳಗೆ ಚೀಸ್ ಇಟ್ಟು ಮಡಿಚಿ ಬಿಸಿ ಮಾಡೋ ಮೆಕ್ಸಿಕೊದ ತಿಂಡಿ ತಾನೆ ಅಂತ ಮೂರನ್ನೂ ಸೇರಿಸಿ ಮೈಕ್ರೊವೇವ್‌ನಲ್ಲಿ ಇಟ್ಟರೆ ಜಗಿಯೋಕಾಗದ ಹಾಗೆ ನಾರಾಗುತ್ತೆ. ತವಾ ಮೇಲೆ ಮಾಡಿದರೆ ಹೊರಗೆ ಸೀದುಹೋಗುತ್ತೆ, ಒಳಗೆ ಚೀಸ್ ಹಾಗೇ ಇರುತ್ತೆ, ಸ್ಮೋಕ್ ಅಲಾರಂ ಬೇರೆ ಕೂಗುತ್ತೆ. ಮಗುಚಿದರೆ ಪಲ್ಯವೆಲ್ಲ ಹೊರಗೆ. ಚೀಸ್ ಬದಲು ಪನೀರ್ ಹಾಕಬಹುದಾ? ಡಿಸೆಂಬರ್‌ನಲ್ಲಿ ಊರಿಗೆ ಹೋದಾಗ ಅಮ್ಮನಿಗೂ ಮಾಡಿಕೊಡಬೇಕು ಅಂತಿದ್ದೇನೆ. ಅಲ್ಲಿ ಚಪಾತಿಯಲ್ಲೇ ಆಗುತ್ತಾ? ನಮ್ಮ ಕಡೆ ಗೋವಿನಜೋಳ ಅಷ್ಟೊಂದು ಬೆಳೀತಾರಲ್ಲ, ಆ ಹಿಟ್ಟಿನಲ್ಲಿ ಟೋರ್ಟಿಯಾ ಮಾಡೋಕಾಗಲ್ವಾ?

ಉತ್ತರ: ತವಾ ಮೇಲಿನ ನಿಮ್ಮ ತಾಪತ್ರಯಗಳಿಗೆಲ್ಲ ಮೂಲ ಒಂದೇ. ಫ್ರಿಜ್‌ನಿಂದ ತೆಗೆದ ತಣ್ಣನೆ ಪಲ್ಯವನ್ನು ಹಾಗೇ ಟೋರ್ಟಿಯಾ ಒಳಗೆ ತುಂಬುತ್ತಿದ್ದೀರಿ. ಅಂಗಡಿಯ ಮೈದಾ ಟೋರ್ಟಿಯಾ ಹೆಚ್ಚೆಂದರೆ ಎರಡು ಮಿಲಿಮೀಟರ್ ದಪ್ಪ. ತವಾದ ಕಾವು ಅದನ್ನು ದಾಟಿ, ಒಳಗಿನ ತಣ್ಣನೆ ಮುದ್ದೆಯನ್ನು ಬಿಸಿ ಮಾಡಿ, ಆಮೇಲೆ ಚೀಸ್ ಕರಗಿಸಬೇಕು. ಅಷ್ಟು ಹೊತ್ತು ಆ ತೆಳ್ಳನೆ ಹಾಳೆ ತಾಳುವುದಿಲ್ಲ. ಬೇಗ ಆಗಲಿ ಎಂದು ಕಾವು ಜಾಸ್ತಿ ಮಾಡುತ್ತೀರಿ, ಅಲಾರಂ ಕೂಗುತ್ತದೆ.

ಚೀಸ್ ಕರಗಲು ದೊಡ್ಡ ಕಾವು ಬೇಡವೇ ಬೇಡ. ಮಾಂಟೆರೆ ಜ್ಯಾಕ್, ಮೊಜ್ಜರೆಲ್ಲಾ ತರಹದವು ಸುಮಾರು 55ರಿಂದ 65 ಡಿಗ್ರಿ ಸೆಲ್ಸಿಯಸ್‌ಗೆಲ್ಲ ಮೆತ್ತಗಾಗಿ ಹರಿಯತೊಡಗುತ್ತವೆ. ಕುಡಿಯಲು ಕಷ್ಟವಾಗುವಷ್ಟು ಬಿಸಿಯಿರುವ ಕಾಫಿಯ ಮಟ್ಟ ಅದು. ಹಾಗಾಗಿ ಒಳಗೆ ಹಾಕುವ ಪಲ್ಯವೇ ಹೊಗೆಯಾಡುವಷ್ಟು ಬಿಸಿಯಿದ್ದರೆ ಅರ್ಧ ಚೀಸನ್ನು ಅದೇ ಕರಗಿಸಿಬಿಡುತ್ತದೆ. ತವಾಕ್ಕೆ ಉಳಿಯುವುದು ಹೊರಮೈಯನ್ನು ಗರಿಗರಿ ಮಾಡುವ ಕೆಲಸ ಮಾತ್ರ. ಚೀಸ್ ಒಂದನ್ನು ಬಿಟ್ಟು ಒಳಗೆ ಹೋಗುವುದೆಲ್ಲ ಮೊದಲೇ ಬೆಂದಿರಬೇಕು, ಬಿಸಿಯಿರಬೇಕು, ನೀರು ಆರಿರಬೇಕು. ಮಿಕ್ಕಿದ್ದೆಲ್ಲ ಇದರ ಹಿಂದೆ ಬರುವ ಮಾತು.

ಮೈಕ್ರೊವೇವನ್ನು ಪೂರ್ತಿ ಬಿಡಬೇಕಾಗಿಲ್ಲ. ಪಲ್ಯ ಬಿಸಿ ಮಾಡಲು ಅದನ್ನೇ ಬಳಸಿ. ಟೋರ್ಟಿಯಾವನ್ನು ಬಿಚ್ಚಿಟ್ಟು ಬಿಸಿ ಮಾಡಬೇಡಿ, ಅದರೊಳಗಿನ ನೀರು ಆವಿಯಾಗಿ ಹೋಗಿ, ತಣಿಯುತ್ತಿದ್ದಂತೆ ಬಿರುಸಾಗುತ್ತದೆ. ಫ್ರಿಜ್‌ನ ಟೋರ್ಟಿಯಾ ಮಡಿಚಿದರೆ ಬಿರುಕು ಬಿಡುವುದಕ್ಕೂ ಕಾರಣವಿದೆ: ಬೆಂದ ಹಿಟ್ಟಿನ ಪಿಷ್ಟ ಫ್ರಿಜ್‌ನ ತಂಪಿನಲ್ಲೇ ಅತಿ ಬೇಗ ಗಡುಸಾಗುವುದು. ಮತ್ತೆ ಬಿಸಿ ತಾಗಿದರೆ ಸಡಿಲಗೊಳ್ಳುತ್ತದೆ. ಆದ್ದರಿಂದ ಮಡಿಚುವ ಮುಂಚೆ ಬರಿ ತವಾ ಮೇಲೆ ಒಂದೊಂದು ಬದಿ ಇಪ್ಪತ್ತು ಸೆಕೆಂಡು ಇಡಿ. ತುಂಬ ದಿನ ಇಡುವುದಿದ್ದರೆ ಫ್ರಿಜ್‌ಗಿಂತ ಫ್ರೀಜರ್ ಮೇಲು, ಎರಡೆರಡರ ನಡುವೆ ಒಂದು ಕಾಗದ ಇಟ್ಟು.

ಈಗ ಕಾವಿನ ವಿಚಾರ. ಅಮೆರಿಕದ ಬಾಡಿಗೆ ಅಪಾರ್ಟ್‌ಮೆಂಟ್ ಎಂದರೆ ನಿಮ್ಮದು ಹೆಚ್ಚಾಗಿ ಕರೆಂಟಿನ ಕಾಯಿಲ್ ಒಲೆಯೇ ಇರಬೇಕು. ಅದು ಗ್ಯಾಸಿನ ಹಾಗೆ ಹೇಳಿದ ಮಾತು ಕೇಳುವುದಿಲ್ಲ. ಕಾಯಲು ಹೊತ್ತು ಹಿಡಿಯುತ್ತದೆ, ಕಾದ ಮೇಲೆ ಗುಂಡಿ ತಿರುಗಿಸಿದರೂ ತಣಿಯಲು ಇನ್ನಷ್ಟು ಹೊತ್ತು. ಗುಂಡಿಯಲ್ಲಿ ಹತ್ತರವರೆಗೆ ಅಂಕಿಯಿದ್ದರೆ ನಾಲ್ಕಕ್ಕೆ ಇಟ್ಟು, ಮೂರು ನಾಲ್ಕು ನಿಮಿಷ ಬಿಡಿ. ಕಾವು ಹೆಚ್ಚಾಯಿತು ಅನ್ನಿಸಿದರೆ ಗುಂಡಿಯ ಜೊತೆ ಹೆಣಗದೆ ತವಾವನ್ನೇ ಪಕ್ಕದ ತಣ್ಣನೆ ಒಲೆಗೆ ಎತ್ತಿಡಿ. ಸರಿಯಾದ ಕಾವು ಗೊತ್ತಾಗುವುದು ಹೇಗೆ? ದೋಸೆ ಹುಯ್ಯುವ ಮುಂಚೆ ಅಮ್ಮ ಕಾವಲಿಗೆ ನೀರು ಚಿಮುಕಿಸುತ್ತಾರಲ್ಲ, ಅದೇ. ಹನಿ ಚುಂಯ್ ಎಂದು ಹರಡಿ ಎರಡು ಮೂರು ಸೆಕೆಂಡಿನಲ್ಲಿ ಆರಿದರೆ ಸರಿ. ಮುತ್ತಾಗಿ ಅತ್ತಿತ್ತ ಓಡಾಡಿದರೆ ತವಾ ಮಿತಿಮೀರಿ ಕಾದಿದೆ. ಹನಿಯ ಕೆಳಗೆ ತನ್ನದೇ ಆವಿಯ ಪದರ ಎದ್ದು ಅದು ಲೋಹಕ್ಕೆ ತಾಗದೆ ತೇಲುತ್ತಿರುತ್ತದೆ. ಅಂಥ ತವಾ ಮೇಲೆ ಟೋರ್ಟಿಯಾ ಹಾಕಿದರೆ ಮುಗಿಯಿತು. ನಾನ್‌ಸ್ಟಿಕ್ ಆದರೆ ಖಾಲಿ ತವಾವನ್ನು ಅಷ್ಟು ಕಾಯಿಸಲೇಬಾರದು.

ಎಂಟು ಇಂಚಿನ, ಅಂದರೆ ಸುಮಾರು 20 ಸೆಂಟಿಮೀಟರಿನ ಟೋರ್ಟಿಯಾ ಒಂದಕ್ಕೆ 40ರಿಂದ 50 ಗ್ರಾಂ ತುರಿದ ಚೀಸ್, ಎರಡು ದೊಡ್ಡ ಚಮಚ ಪಲ್ಯ. ಇಷ್ಟೇನಾ ಅನ್ನಿಸುತ್ತದೆ. ಇಷ್ಟೇ. ಹೊಟ್ಟೆ ತುಂಬದಿದ್ದರೆ ಇನ್ನೊಂದು ಮಾಡಿಕೊಳ್ಳಿ, ಒಂದರೊಳಗೇ ತುರುಕಬೇಡಿ. ಟೋರ್ಟಿಯಾವನ್ನು ಎರಡೂ ಬದಿ ಬೆಚ್ಚಗೆ ಮಾಡಿ ತವಾ ಮೇಲೇ ಬಿಡಿ. ಅರ್ಧ ಭಾಗದ ಮೇಲೆ ಚೀಸಿನ ಅರ್ಧ ಉದುರಿಸಿ, ಅಂಚಿನಿಂದ ಒಂದು ಬೆರಳಷ್ಟು ಜಾಗ ಬಿಟ್ಟು. ಅದರ ಮೇಲೆ ಬಿಸಿ ಪಲ್ಯವನ್ನು ತೆಳ್ಳಗೆ ಹರಡಿ. ಪಲ್ಯದ ಮೇಲೆ ಉಳಿದ ಚೀಸ್. ಖಾಲಿ ಅರ್ಧವನ್ನು ಮಡಿಚಿ ಸಟ್ಟುಗದಿಂದ ಮೆಲ್ಲಗೆ ಅದುಮಿ. ಚೀಸನ್ನು ಕೆಳಗೂ ಮೇಲೂ ಹಾಕಿಸುವುದು ರುಚಿಗಲ್ಲ, ಅಂಟಿಗೆ. ಕರಗಿದ ಚೀಸ್ ಎರಡೂ ಬದಿಯ ಟೋರ್ಟಿಯಾವನ್ನು ಪಲ್ಯಕ್ಕೆ ಹಿಡಿದಿಡುತ್ತದೆ. ಪಲ್ಯ ಒಂದು ಕಡೆ, ಚೀಸ್ ಒಂದು ಕಡೆ ಹಾಕಿದರೆ ಮಗುಚಿದಾಗ ಅರ್ಧ ಬಾಯಿ ಬಿಟ್ಟುಕೊಳ್ಳುತ್ತದೆ. ಎರಡು ಟೋರ್ಟಿಯಾ ಒಂದರ ಮೇಲೊಂದು ಇಟ್ಟು ಮಾಡುವವರಿದ್ದಾರೆ, ನೋಡಲು ಚೆಂದ. ಮಗುಚುವಾಗ ಅವರ ಮುಖ ನೋಡಬೇಕು. ಮಡಿಚಿದ್ದರ ಬೆನ್ನು ಮುಚ್ಚಿರುವುದರಿಂದ ಆ ಬೆನ್ನಿನ ಮೇಲೇ ಉರುಳಿಸಿದರೆ ಏನೂ ಚೆಲ್ಲುವುದಿಲ್ಲ.

ಒಂದೊಂದು ಬದಿಗೆ ಒಂದೂವರೆಯಿಂದ ಎರಡು ನಿಮಿಷ. ಎಣ್ಣೆಯಿಲ್ಲದೆ ಮಾಡಿದರೆ ಮೇಲೆ ಅಲ್ಲಲ್ಲಿ ಕಂದು ಮಚ್ಚೆ ಬಿದ್ದು ಒಣ ಗರಿಗರಿ ಬರುತ್ತದೆ. ಅರ್ಧ ಚಮಚ ತುಪ್ಪ ಸವರಿದರೆ ಪೂರ್ತಿ ಹೊಂಬಣ್ಣ. ಬೆಣ್ಣೆಯಲ್ಲಿ ಹಾಲಿನಂಶ ಉಳಿದಿರುವುದರಿಂದ ಬೇಗ ಕಪ್ಪಾಗುತ್ತದೆ, ನಿಮ್ಮ ಒಲೆಗೆ ಬೇಡ. ದಾವಣಗೆರೆಯವರಿಗೆ ಬೆಣ್ಣೆ ಬೇಡ ಎನ್ನುವುದು ಸುಲಭದ ಮಾತಲ್ಲ, ಗೊತ್ತು. ಇಳಿಸಿದ ಮೇಲೆ ಒಂದು ನಿಮಿಷ ಸುಮ್ಮನೆ ಬಿಡಿ. ಚೀಸ್ ಅಷ್ಟರಲ್ಲಿ ಸ್ವಲ್ಪ ಗಟ್ಟಿಯಾಗಿ, ಕತ್ತರಿಸಿದಾಗ ಹರಿದು ತಟ್ಟೆಗೆ ಇಳಿಯುವುದಿಲ್ಲ. ಚಾಕು ಒತ್ತಿದರೆ ಒಳಗಿನದು ಪಕ್ಕಕ್ಕೆ ನುಗ್ಗುತ್ತದೆ, ಅಡುಗೆಮನೆಯ ಕತ್ತರಿಯಲ್ಲಿ ಕತ್ತರಿಸಿ.

ಯಾವ ಪಲ್ಯ? ನೀರಿಲ್ಲದ್ದು, ತೆಂಗಿನತುರಿ ಇಲ್ಲದ್ದು. ತೆಂಗಿನಕಾಯಿ ಹಾಕಿದ ಹುರುಳಿಕಾಯಿ ಪಲ್ಯ ಅನ್ನದ ಜೊತೆಗೇ ಚೆಂದ, ಚೀಸಿನ ಜೊತೆ ಎರಡೂ ಒಂದನ್ನೊಂದು ಕೆಡಿಸುತ್ತವೆ. ದೋಸೆಯ ಆಲೂಗಡ್ಡೆ ಪಲ್ಯ ಆಗುತ್ತದೆ, ಆದರೆ ಅಂಟಿನ ಮೇಲೆ ಅಂಟು. ಒಂದಿಷ್ಟು ಹಸಿ ಈರುಳ್ಳಿ, ನಿಂಬೆರಸ ಬಿದ್ದರೆ ಜೀವ ಬರುತ್ತದೆ. ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಒಳ್ಳೆಯದು ಮಿಕ್ಕ ಬದನೆಕಾಯಿ ಎಣ್ಣೆಗಾಯಿ. ಅದರ ಶೇಂಗಾ, ಎಳ್ಳಿನ ಮಸಾಲೆ ಮೆಕ್ಸಿಕೊದ ಮೋಲೆ ಸಾರುಗಳಿಗೆ ದೂರದ್ದೇನಲ್ಲ, ಅವರೂ ಶೇಂಗಾ, ಎಳ್ಳು ಹುರಿದು ಒಣಮೆಣಸಿನಕಾಯಿ ಜೊತೆ ಅರೆಯುತ್ತಾರೆ. ಗೊಜ್ಜನ್ನು ಬಾಣಲೆಯಲ್ಲಿ ಆರಿಸಿ, ಬದನೆಕಾಯಿ ಹಿಚುಕಿ ಹಾಕಿ. ಪಲ್ಯವೇ ಇಲ್ಲದ ದಿನ ದೊಣ್ಣೆಮೆಣಸಿನಕಾಯಿ, ಈರುಳ್ಳಿಯನ್ನು ಜೋರು ಕಾವಿನಲ್ಲಿ ಬಾಡಿಸಿ, ಉಪ್ಪು ಮಾತ್ರ ಕೊನೆಗೆ, ಮೊದಲೇ ಹಾಕಿದರೆ ನೀರು ಬಿಡುತ್ತದೆ. ಟೊಮೆಟೊ ಒಳಗೆ ಹಾಕಲೇಬೇಕೆಂದರೆ ಬೀಜದ ತಿರುಳು ತೆಗೆದು ಹಾಕಿ.

ಡಬ್ಬಿಯ ಕಪ್ಪು ಬೀನ್ಸ್ ಅಥವಾ ರಾಜ್ಮಾ ಇದ್ದರೆ ನೀರು ಬಸಿದು, ಜೀರಿಗೆ ಒಗ್ಗರಣೆಯಲ್ಲಿ ಅರ್ಧಂಬರ್ಧ ಮಸೆದು ಹಾಕಿದರೆ ಊಟದಷ್ಟೇ ಗಟ್ಟಿ ತಿಂಡಿ. ಒಣ ರಾಜ್ಮಾ ನೆನೆಸಿ ಬೇಯಿಸುವುದಾದರೆ ಒಂದು ಎಚ್ಚರ: ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಲೇಬೇಕು. ಹಸಿ ರಾಜ್ಮಾದಲ್ಲಿ ವಾಂತಿ, ಭೇದಿ ತರಿಸುವ ಲೆಕ್ಟಿನ್ ಇರುತ್ತದೆ, ಸ್ಲೋ ಕುಕ್ಕರಿನ ಸಣ್ಣ ಕಾವಿಗೆ ಅದು ನಾಶವಾಗುವುದಿಲ್ಲ. ಕುಕ್ಕರ್ ಕೂಗಿಸಿದರೆ ಚಿಂತೆಯಿಲ್ಲ. ಡಬ್ಬಿಯದು ಬೆಂದೇ ಬಂದಿರುತ್ತದೆ.

ಪನೀರ್ ಕೇಳಿದ್ದೀರಿ. ಹಾಕಿ, ಆದರೆ ಚೀಸ್ ಬದಲಿಗಲ್ಲ, ಪಲ್ಯದ ಬದಲಿಗೆ. ಪನೀರ್ ಎಷ್ಟು ಕಾಯಿಸಿದರೂ ಕರಗುವುದಿಲ್ಲ. ಮೊಜ್ಜರೆಲ್ಲಾ, ಚೆಡ್ಡಾರ್‌ನಂಥವನ್ನು ರೆನೆಟ್ ಎಂಬ ಎನ್‌ಜೈಮ್ ಹಾಕಿ ಹೆಪ್ಪುಗಟ್ಟಿಸುತ್ತಾರೆ. ಅವುಗಳಲ್ಲಿ ಹಾಲಿನ ಪ್ರೋಟೀನ್ ಕಣಗಳನ್ನು ಒಂದಕ್ಕೊಂದು ಹಿಡಿದಿಟ್ಟಿರುವುದರಲ್ಲಿ ಕ್ಯಾಲ್ಸಿಯಂ ಪಾಲು ದೊಡ್ಡದು, ಬಿಸಿಗೆ ಆ ಹಿಡಿತ ಸಡಿಲಿ ಚೀಸ್ ಹರಿಯುತ್ತದೆ. ಪನೀರಿಗೆ ಕಾದ ಹಾಲಿಗೇ ಹುಳಿ ಹಿಂಡುತ್ತೇವೆ. ಹುಳಿಗೆ ಆ ಕ್ಯಾಲ್ಸಿಯಂನ ಬಹುಪಾಲು ಕರಗಿ ನೀರಿನ ಜೊತೆ ಹೋಗಿಬಿಡುತ್ತದೆ, ಕುದಿತಕ್ಕೆ ಪ್ರೋಟೀನ್‌ಗಳು ಬೇರೆ ರೀತಿಯಲ್ಲಿ ಬಿಗಿದುಕೊಳ್ಳುತ್ತವೆ, ಆ ಬಿಗಿತ ತವಾದ ಕಾವಿಗೆ ಬಿಡಿಸಿಕೊಳ್ಳುವುದಿಲ್ಲ. ಪನೀರನ್ನು ಪುಡಿ ಮಾಡಿ, ಹಸಿಮೆಣಸಿನಕಾಯಿ ಕೊತ್ತಂಬರಿಯ ಜೊತೆ ಬಾಡಿಸಿ, ಅಂಟಿಗೆ 30 ಗ್ರಾಂ ಚೀಸ್ ಸೇರಿಸಿಕೊಳ್ಳಿ.

ನಿಮ್ಮಲ್ಲಿಯ ಮೆಕ್ಸಿಕನ್ ಅಂಗಡಿಗಳಲ್ಲಿ ಬೆಳ್ಳಗೆ ಚೆಂದ ಕಾಣುವ ಕೆಸೊ ಫ್ರೆಸ್ಕೊ, ಪನೇಲಾ, ಕೊತೀಹಾ ಸಿಗುತ್ತವೆ. ಅವೂ ಕರಗುವ ಜಾತಿಯಲ್ಲ, ಮೇಲೆ ಉದುರಿಸಿಕೊಳ್ಳಲಿಕ್ಕೆ. ಕರಗಲು ಬೇಕಾದ್ದು ವಹಾಕಾ ಚೀಸ್. ನೂಲಿನ ಉಂಡೆಯ ಹಾಗೆ ಸುತ್ತಿಟ್ಟಿರುತ್ತಾರೆ, ಎಳೆ ಎಳೆಯಾಗಿ ಬಿಡಿಸಿ ಹಾಕಬೇಕು. ಅದು ಸಿಗದಿದ್ದರೆ ಮಾಂಟೆರೆ ಜ್ಯಾಕ್. ತುರಿದೇ ಮಾರುವ ಪ್ಯಾಕೆಟ್ ಚೀಸ್ ಒಂದಕ್ಕೊಂದು ಅಂಟದಿರಲೆಂದು ಪಿಷ್ಟ ಅಥವಾ ಸೆಲ್ಯುಲೋಸ್ ಪುಡಿ ಹೊರಳಿಸಿರುತ್ತಾರೆ, ಕರಗಿದಾಗ ಆ ನುಣುಪು ಬರುವುದಿಲ್ಲ. ಗಡ್ಡೆ ತಂದು ತುರಿದುಕೊಳ್ಳುವುದು ಲೇಸು. ಬಹಳ ದಿನ ಮಾಗಿಸಿದ ಚೆಡ್ಡಾರ್ ಒಂದನ್ನೇ ಹಾಕಿದರೆ ಎಣ್ಣೆ ಬಿಡುತ್ತದೆ, ಬೇಕಿದ್ದರೆ ರುಚಿಗೆ ಚಿಟಿಕೆ ಬೆರೆಸಿ.

ಸಸ್ಯಾಹಾರಿ ಎಂದಿರಿ, ಆದ್ದರಿಂದ ಲೇಬಲ್ ಓದುವ ಅಭ್ಯಾಸ ಮಾಡಿಕೊಳ್ಳಿ. ಅಮೆರಿಕದಲ್ಲಿ ನಮ್ಮ ಹಸಿರು ಚುಕ್ಕೆ ಇರುವುದಿಲ್ಲ. ಮೈದಾ ಟೋರ್ಟಿಯಾ, ಡಬ್ಬಿಯ ರಿಫ್ರೈಡ್ ಬೀನ್ಸ್ ಎರಡರಲ್ಲೂ ಹಂದಿಯ ಕೊಬ್ಬು ಇರಬಹುದು. ಲಾರ್ಡ್ ಅಥವಾ ಮಾಂತೇಕಾ ಎಂದು ಬರೆದಿರುತ್ತಾರೆ. ‘ಮಾಂತೇಕಾ ವೆಹೆತಾಲ್’ ಎಂದಿದ್ದರೆ ವನಸ್ಪತಿ, ಗಾಬರಿಯಾಗಬೇಡಿ. ಚೀಸಿನಲ್ಲಿ ಬರಿ ‘ಎನ್‌ಜೈಮ್ಸ್’ ಎಂದಿದ್ದರೆ ರೆನೆಟ್ ಕರುವಿನ ಹೊಟ್ಟೆಯದ್ದೂ ಆಗಿರಬಹುದು. ಮೈಕ್ರೊಬಿಯಲ್ ಅಥವಾ ವೆಜಿಟೇರಿಯನ್ ರೆನೆಟ್ ಎಂದು ಸ್ಪಷ್ಟವಾಗಿ ಬರೆದದ್ದನ್ನೇ ತನ್ನಿ. ಮೆಕ್ಕೆಜೋಳದ ಟೋರ್ಟಿಯಾದಲ್ಲಿ ಸಾಮಾನ್ಯವಾಗಿ ಕೊಬ್ಬೇ ಇರುವುದಿಲ್ಲ.

ಇನ್ನು ದಾವಣಗೆರೆಯ ಅಡುಗೆಮನೆ. ಚಪಾತಿಯಲ್ಲಿ ಖಂಡಿತ ಆಗುತ್ತದೆ, ಆದರೆ ಆಗಷ್ಟೇ ಮಾಡಿದ್ದರಲ್ಲಿ ಬೇಡ. ಬಿಸಿ ಚಪಾತಿಯಲ್ಲಿ ಹಸಿ ಇನ್ನೂ ಇರುತ್ತದೆ, ಚೀಸ್ ಸೇರಿದರೆ ಮೆತ್ತಗಾಗಿ ಕೂರುತ್ತದೆ. ಬೆಳಗಿನದ್ದೋ ನಿನ್ನೆಯದ್ದೋ ತಂಗಳು ಚಪಾತಿಯೇ ಸರಿ, ತುಪ್ಪ ಸವರಿ ಬೇಯಿಸಿದರೆ ಗರಿಗರಿ ಚೆನ್ನಾಗಿ ಬರುತ್ತದೆ. ಫುಲ್ಕಾ ಬೇಡ, ಉಬ್ಬಿ ಎರಡು ಪದರವಾಗಿರುವುದರಿಂದ ಹರಿಯುತ್ತದೆ. ಚೀಸಿಗೆ ಅಮುಲ್ ಕ್ಯೂಬ್ ಸಾಕು, ಒಂದೊಂದು 25 ಗ್ರಾಂ, ಒಂದು ಚಪಾತಿಗೆ ಒಂದೂವರೆ. ಹತ್ತು ನಿಮಿಷ ಫ್ರೀಜರ್‌ನಲ್ಲಿಟ್ಟು ತುರಿದರೆ ತುರಿಮಣೆಗೆ ಮೆತ್ತಿಕೊಳ್ಳುವುದಿಲ್ಲ. ಅದು ಸಂಸ್ಕರಿಸಿದ ಚೀಸ್, ಎಣ್ಣೆ ಬೇರೆಯಾಗದೆ ನುಣ್ಣಗೆ ಕರಗುತ್ತದೆ, ಎಳೆ ಮಾತ್ರ ಬರುವುದಿಲ್ಲ. ಎಳೆ ಬೇಕೆಂದರೆ ಅರ್ಧಕ್ಕರ್ಧ ಮೊಜ್ಜರೆಲ್ಲಾ ಬೆರೆಸಿ. ಉಪ್ಪು ಅದರಲ್ಲೇ ಸಾಕಷ್ಟಿದೆ, ಪಲ್ಯಕ್ಕೆ ಕಡಿಮೆ ಹಾಕಿ. ಕಟಕು ಜೋಳದ ರೊಟ್ಟಿ ಮಡಿಚಲಾಗುವುದಿಲ್ಲ, ಆದರೆ ಅದರ ಮೇಲೆ ಬಿಸಿ ಬೀನ್ಸ್, ಚೀಸ್, ಈರುಳ್ಳಿ ಹರಡಿ ಮುಚ್ಚಿಟ್ಟು ಎರಡು ನಿಮಿಷ ಸಣ್ಣ ಉರಿಯಲ್ಲಿ ಬಿಟ್ಟರೆ ಮೆಕ್ಸಿಕೊದವರು ಗರಿಗರಿ ಟೋರ್ಟಿಯಾ ಮೇಲೆ ಹೀಗೇ ಹರಡಿ ತಿನ್ನುವ ತೊಸ್ತಾದಾಕ್ಕೆ ಏನೂ ಕಡಿಮೆಯಿಲ್ಲ.

ಗೋವಿನಜೋಳದ ಪ್ರಶ್ನೆ ನನಗೆ ಬಹಳ ಹಿಡಿಸಿತು. ನಿಮ್ಮ ಜಿಲ್ಲೆಯ ಹೊಲಗಳಲ್ಲಿ ಬೆಳೆಯುವ ಮೆಕ್ಕೆಜೋಳದ ಹೆಚ್ಚಿನ ಪಾಲು ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತದೆ. ಅದನ್ನು ಗಿರಣಿಗೆ ಹಾಕಿಸಿ ಕುದಿನೀರಿನಲ್ಲಿ ನಾದಿ ರೊಟ್ಟಿ ತಟ್ಟಬಹುದು, ಪಂಜಾಬಿನವರ ಮಕ್ಕಿ ರೊಟ್ಟಿಯ ಹಾಗೆ. ಆದರೆ ಅದು ದಪ್ಪ, ಮಡಿಚಿದರೆ ಮುರಿಯುತ್ತದೆ. ಮೆಕ್ಸಿಕೊದಲ್ಲಿ ಬೀಸುವ ಮುಂಚೆ ಒಂದು ಕೆಲಸ ಮಾಡುತ್ತಾರೆ. ಒಣ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯಿಡೀ ಅದರಲ್ಲೇ ಬಿಟ್ಟು, ಬೆಳಿಗ್ಗೆ ತೊಳೆದು ಸಿಪ್ಪೆ ಕಳಚಿ, ಹಸಿಯಾಗಿಯೇ ರುಬ್ಬುತ್ತಾರೆ. ಕಾಳಿನ ತೂಕದ ಸುಮಾರು ನೂರಕ್ಕೆ ಒಂದರಷ್ಟು ಸುಣ್ಣ ಸಾಕು. ಸುಣ್ಣ ಕಾಳಿನ ಸಿಪ್ಪೆಯನ್ನು ಕರಗಿಸಿ, ಹಿಟ್ಟಿಗೆ ಗೋಧಿಯ ಜಿಗುಟಿಲ್ಲದೆಯೂ ಕೂಡಿಕೊಳ್ಳುವ ಗುಣ ಕೊಡುತ್ತದೆ. ಟೋರ್ಟಿಯಾದ ಆ ವಿಶಿಷ್ಟ ಮಣ್ಣಿನ ಪರಿಮಳ ಬರುವುದೂ ಅದರಿಂದಲೇ. ಅದಕ್ಕಿಂತ ಮುಖ್ಯ, ಮೆಕ್ಕೆಜೋಳದಲ್ಲಿ ದೇಹಕ್ಕೆ ಸಿಗದ ಹಾಗೆ ಬಂಧಿಯಾಗಿರುವ ನಯಾಸಿನ್ ಎಂಬ ಬಿ ವಿಟಮಿನ್ ಬಿಡುಗಡೆಯಾಗುತ್ತದೆ. ಸ್ಪೇನಿನವರು ಅಮೆರಿಕದಿಂದ ಕಾಳನ್ನು ಒಯ್ದರು, ಸುಣ್ಣದ ಕ್ರಮವನ್ನು ಒಯ್ಯಲಿಲ್ಲ. ಬಡವರು ಮೆಕ್ಕೆಜೋಳವೊಂದನ್ನೇ ತಿಂದು ಬದುಕಿದ ಉತ್ತರ ಇಟಲಿಯಲ್ಲಿ, ಆಮೇಲೆ ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ನಯಾಸಿನ್ ಕೊರತೆಯಿಂದ ಬರುವ ಪೆಲ್ಲಾಗ್ರಾ ರೋಗ ಹಬ್ಬಿತು. ಮೆಕ್ಸಿಕೊದ ಹಳ್ಳಿಗಳಲ್ಲಿ ಹಾಗಾಗಲಿಲ್ಲ.

ರಾಸಾಯನಿಕವಾಗಿ ಅದು ಎಲೆಯಡಿಕೆಯ ಸುಣ್ಣವೇ ಆದರೂ ಡಬ್ಬಿಯ ಸುಣ್ಣ ಹಾಕಿ ಪ್ರಯೋಗಕ್ಕೆ ಇಳಿಯಬೇಡಿ. ಡಲ್ಲಾಸ್‌ನ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಮಾಸಾ ಹರೀನಾ ಸಿಗುತ್ತದೆ, ಸುಣ್ಣದ ಸಂಸ್ಕಾರವಾಗಿ ಒಣಗಿಸಿದ ಹಿಟ್ಟು ಅದು. ಒಂದು ಪ್ಯಾಕೆಟ್ ಸೂಟ್‌ಕೇಸಿಗೆ ಹಾಕಿಕೊಳ್ಳಿ. ಒಂದು ಬಟ್ಟಲು ಹಿಟ್ಟಿಗೆ ಮುಕ್ಕಾಲು ಬಟ್ಟಲು ಬೆಚ್ಚನೆ ನೀರು, ಚಿಟಿಕೆ ಉಪ್ಪು, ಇಪ್ಪತ್ತು ನಿಮಿಷ ಮುಚ್ಚಿಡಿ. ನಿಂಬೆಹಣ್ಣಿನ ಗಾತ್ರದ ಉಂಡೆಯನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ತಳ ಸಪಾಟಾದ ಪಾತ್ರೆಯಿಂದ ಅದುಮಿ. ಅಂಚು ಬಿರಿದರೆ ನೀರು ಸಾಲದು, ಹಾಳೆಗೆ ಅಂಟಿದರೆ ನೀರು ಹೆಚ್ಚು. ಕಾದ ಕಾವಲಿಯ ಮೇಲೆ ಮೊದಲ ಬದಿ ಅರ್ಧ ನಿಮಿಷ, ಎರಡನೆಯದು ಒಂದು ನಿಮಿಷ, ಮತ್ತೆ ಮಗುಚಿದಾಗ ಉಬ್ಬಿದರೆ ಗೆದ್ದಿರಿ. ಬಟ್ಟೆಯಲ್ಲಿ ಸುತ್ತಿಡಿ. ಅಮ್ಮನಿಗೆ ಜೋಳದ ರೊಟ್ಟಿ ತಟ್ಟಿ ಅಭ್ಯಾಸವಿದ್ದರೆ ನಿಮಗಿಂತ ಅವರಿಗೇ ಬೇಗ ಒಲಿಯುತ್ತದೆ. ಊರಿನ ಅಂಗಡಿಯಲ್ಲಿ ಕಾರ್ನ್‌ಫ್ಲೋರ್ ಎಂದು ಕೇಳಿ ಮಾತ್ರ ತರಬೇಡಿ, ಅವರು ಕೊಡುವುದು ಗೋಬಿ ಮಂಚೂರಿಗೆ ಹಾಕುವ ಬಿಳಿ ಪಿಷ್ಟ.

ನಂಚಿಕೊಳ್ಳಲು ಕೆಚಪ್ ಬೇಡ. ಅದೇ ತವಾದ ಮೇಲೆ ಎರಡು ಟೊಮೆಟೊ, ದಪ್ಪಗೆ ಹೆಚ್ಚಿದ ಈರುಳ್ಳಿ, ಸಿಪ್ಪೆ ಸುಲಿಯದ ಬೆಳ್ಳುಳ್ಳಿ, ತುದಿ ಸೀಳಿದ ಹಸಿಮೆಣಸಿನಕಾಯಿ ಇಟ್ಟು ಕಪ್ಪು ಮಚ್ಚೆ ಬೀಳುವವರೆಗೆ ಸುಡಿ. ಮೆಕ್ಸಿಕೊದಲ್ಲಿ ಕೊಮಾಲ್ ಎಂಬ ಕಾವಲಿಯ ಮೇಲೆ ಹೀಗೇ ಸುಟ್ಟು ಕಲ್ಲಿನಲ್ಲಿ ಅರೆಯುತ್ತಾರೆ. ಬೆಳ್ಳುಳ್ಳಿಯ ಸಿಪ್ಪೆ ತೆಗೆದು ಎಲ್ಲವನ್ನೂ ಉಪ್ಪು, ಕೊತ್ತಂಬರಿ, ನಿಂಬೆರಸದ ಜೊತೆ ತರಿತರಿಯಾಗಿ ಜಜ್ಜಿದರೆ ಸಾಲ್ಸಾ. ಮೆಣಸಿನಕಾಯಿ ಸೀಳದೆ ಇಟ್ಟರೆ ಸಿಡಿಯುತ್ತದೆ. ಘಾಟು ಏಳುತ್ತದೆ, ಕಿಟಕಿ ತೆಗೆದು ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡೇ ಶುರು ಮಾಡಿ. ಹಲಪೇನ್ಯೊ ನಮ್ಮ ನಾಲಿಗೆಗೆ ಸಪ್ಪೆ, ಸೆರಾನೊ ಹತ್ತಿರ ಬರುತ್ತದೆ.

ಅಂದಹಾಗೆ ಮೆಕ್ಸಿಕೊ ಸಿಟಿಯ ಬೀದಿಯಲ್ಲಿ ಕೆಸಡಿಯಾ ಕೇಳಿದರೆ ಚೀಸೇ ಇಲ್ಲದೆ ಬರಬಹುದು, ಬೇಕಿದ್ದರೆ ಬಾಯಿಬಿಟ್ಟು ಹೇಳಬೇಕು. ದೇಶದ ಉಳಿದವರಿಗೆ ಇದೇ ಒಂದು ತಮಾಷೆ, ಜಗಳ. ಅಲ್ಲಿ ಕುಂಬಳದ ಹೂವು ತುಂಬಿದ್ದಂತೂ ಬಹಳ ಪ್ರಸಿದ್ಧ. ಅಮ್ಮನ ಹಿತ್ತಿಲಲ್ಲಿ ಕುಂಬಳ ಬಳ್ಳಿಯಿದ್ದರೆ ಒಂದು ಕೈ ನೋಡಿ. ಗಂಡು ಹೂಗಳನ್ನಷ್ಟೇ ಕೀಳಿ, ಒಳಗಿನ ಕೇಸರದ ಕಡ್ಡಿ ತೆಗೆದು, ಈರುಳ್ಳಿಯ ಜೊತೆ ಎರಡು ನಿಮಿಷ ಬಾಡಿಸಿದರೆ ಸಾಕು.

ಪ್ಯಾಕೆಟ್‌ನ ಕೊನೆಯ ನಾಲ್ಕು ಟೋರ್ಟಿಯಾ ಒಣಗಿ ಬಿರುಸಾಗಿದ್ದರೆ ಎಸೆಯಬೇಡಿ, ಅದಕ್ಕೂ ದಾರಿ ಹಾಕಿಕೊಟ್ಟವರಿದ್ದಾರೆ. ಟೆಕ್ಸಸ್‌ನ ಈಗಲ್ ಪಾಸ್ ಊರಿನ ಎದುರು ದಡದಲ್ಲಿ, ಮೆಕ್ಸಿಕೊದ ಪಿಯೆದ್ರಾಸ್ ನೆಗ್ರಾಸ್‌ನ ವಿಕ್ಟರಿ ಕ್ಲಬ್ಬಿಗೆ 1940ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಸೈನಿಕರ ಹೆಂಡಂದಿರು ಬಂದಾಗ ಅಡುಗೆಯವರು ಇರಲಿಲ್ಲ. ಇಗ್ನಾಸಿಯೊ ಅನಾಯಾ ಕೈಗೆ ಸಿಕ್ಕಿದ್ದರಲ್ಲೇ, ಟೋರ್ಟಿಯಾ ತುಂಡು ಕರಿದು, ಚೀಸ್ ತುರಿದು, ಬಿಸಿ ಮಾಡಿ, ಹಲಪೇನ್ಯೊ ಚೂರು ಇಟ್ಟು ಕೊಟ್ಟರು. ಅವರ ಅಡ್ಡಹೆಸರು ನಾಚೊ, ತಿಂಡಿಗೂ ಅದೇ ಉಳಿಯಿತು. ನೀವು ಕರಿಯಬೇಕಾಗಿಲ್ಲ. ತ್ರಿಕೋನವಾಗಿ ಕತ್ತರಿಸಿ, ಎಣ್ಣೆ ಸವರಿ, 350 ಡಿಗ್ರಿ ಫ್ಯಾರನ್‌ಹೀಟ್ ಓವನ್‌ನಲ್ಲಿ ಹತ್ತರಿಂದ ಹನ್ನೆರಡು ನಿಮಿಷ ಇಡಿ, ನಡುವೆ ಒಮ್ಮೆ ಮಗುಚಿ. ಟ್ರೇಯಲ್ಲಿ ಒಂದರ ಮೇಲೊಂದು ಬೀಳದ ಹಾಗೆ ಹರಡಿ, ಪ್ರತಿ ತುಂಡಿನ ಮೇಲೂ ಚೀಸ್, ಒಂದು ಚೂರು ಮೆಣಸಿನಕಾಯಿ, ಬ್ರಾಯ್ಲರ್ (ಓವನ್‌ನಲ್ಲಿ ಮೇಲಿನಿಂದ ಬರುವ ಜೋರು ಕಾವು) ಕೆಳಗೆ ಒಂದೆರಡು ನಿಮಿಷ. ಆ ಒಂದೆರಡು ನಿಮಿಷ ಮಾತ್ರ ಫೋನ್ ಕೆಳಗಿಟ್ಟು ಓವನ್ ಮುಂದೆಯೇ ನಿಂತಿರಿ.